ಸಕ್ಕರೆ ಹಾಕದೆ ವೈನ್ ಸಿಹಿ ಮಾಡುವುದು: ಹತ್ತು ಲೀಟರಿನ ಒಂದು ಜಾಡಿಯ ಲೆಕ್ಕ

ಜಾಡಿಯಲ್ಲಿ ಇದ್ದದ್ದು ತಿಳಿ ಬಣ್ಣದ ದ್ರಾಕ್ಷಿ ವೈನ್, ಹತ್ತು ಲೀಟರ್. ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ 0.993 ತೋರಿಸುತ್ತಿತ್ತು (ನೀರಿಗೆ 1.000, ಸಕ್ಕರೆ ಇದ್ದಷ್ಟೂ ಓದು ಏರುತ್ತದೆ), ಹುಳಿಯ ಅಳತೆಯಾದ ಪಿಎಚ್ 3.3 (ಇಳಿದಷ್ಟೂ ಹುಳಿ ಹೆಚ್ಚು), ಆಲ್ಕೋಹಾಲ್ ಸುಮಾರು 12 ಶೇಕಡ. ಗಸಿಯಿಂದ ಎರಡು ಸಲ ಬೇರ್ಪಡಿಸಿ ಆಗಿತ್ತು, ದೀಪ ಹಿಡಿದರೆ ಆ ಕಡೆಯ ಅಕ್ಷರ ಓದುವಷ್ಟು ತಿಳಿಯಾಗಿತ್ತು. ರುಚಿಯಲ್ಲಿ ಮಾತ್ರ ಹುಳಿ ಮುಂದೆ ನಿಂತು ಹಣ್ಣು ಹಿಂದೆ ಸರಿದಿತ್ತು. ಯೀಸ್ಟ್ ಸಕ್ಕರೆಯನ್ನೆಲ್ಲ ತಿಂದು ಮುಗಿಸಿದಾಗ ಮನೆಯ ವೈನ್ ಬಹುಮಟ್ಟಿಗೆ ಹೀಗೇ ಆಗುತ್ತದೆ. ಲೀಟರಿಗೆ ಹತ್ತು ಹದಿನೈದು ಗ್ರಾಂ ಸಕ್ಕರೆಯಷ್ಟು ಸಿಹಿ ಸೇರಿದರೆ ಹಣ್ಣಿನ ವಾಸನೆ, ರುಚಿ ಎರಡೂ ಮೇಲೆ ಬರುತ್ತವೆ. ಆ ಸಿಹಿಯನ್ನು ಸಕ್ಕರೆಯಿಂದ ಕೊಡಬೇಕೋ, ಸಕ್ಕರೆಯ ಬದಲಿಯಿಂದ ಕೊಡಬೇಕೋ ಎನ್ನುವುದು ಪ್ರಶ್ನೆ. ಈ ಜಾಡಿಗೆ ಬದಲಿಯನ್ನೇ ಬಳಸಿದ್ದೇವೆ. ಹೇಗೆ, ಎಷ್ಟು, ಯಾಕೆ ಅಷ್ಟು ಎಂಬುದು ಇಲ್ಲಿದೆ.

ಮೊದಲು ಒಂದು ತಪ್ಪು ತಿಳುವಳಿಕೆಯನ್ನು ಬದಿಗಿಡಬೇಕು. ಕ್ಯಾಲೊರಿ ಉಳಿಸಲು ಈ ದಾರಿ ಹಿಡಿಯುವವರಿಗೆ ಲಾಭ ಬಹಳ ಕಡಿಮೆ. 150 ಮಿಲಿ ಲೋಟದಲ್ಲಿ, 12 ಶೇಕಡದ ವೈನ್ ಆದರೆ, ಆಲ್ಕೋಹಾಲೇ ಸುಮಾರು 14 ಗ್ರಾಂ ಇರುತ್ತದೆ. ಗ್ರಾಂಗೆ 7 ಕ್ಯಾಲೊರಿಯಂತೆ ಅದೇ ನೂರರ ಹತ್ತಿರ. ಲೀಟರಿಗೆ 15 ಗ್ರಾಂ ಸಕ್ಕರೆ ಹಾಕಿದರೂ ಆ ಲೋಟಕ್ಕೆ ಸೇರುವುದು ಒಂಬತ್ತು ಕ್ಯಾಲೊರಿ. ಮಧುಮೇಹ ಇರುವವರೂ ‘ಸಕ್ಕರೆ ಇಲ್ಲ’ ಎಂಬ ಒಂದೇ ಮಾತಿನ ಮೇಲೆ ಧೈರ್ಯ ಮಾಡಬಾರದು. ಇನ್ಸುಲಿನ್ ಅಥವಾ ಕೆಲವು ಮಾತ್ರೆಗಳ ಜೊತೆ ಆಲ್ಕೋಹಾಲ್ ರಕ್ತದ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಲ್ಲದು. ಅದು ವೈದ್ಯರನ್ನು ಕೇಳಿ ತೀರ್ಮಾನಿಸಬೇಕಾದ ಸಂಗತಿ.

ನಿಜವಾದ ಲಾಭ ಇರುವುದು ಬಾಟಲಿಯಲ್ಲಿ. ತಿಳಿಯಾದ ವೈನ್‌ನಲ್ಲೂ ಯೀಸ್ಟ್ ಕಣಗಳು ಉಳಿದಿರುತ್ತವೆ. ಸಕ್ಕರೆ ಸಿಕ್ಕರೆ ಅವು ಮತ್ತೆ ಕೆಲಸ ಶುರು ಮಾಡುತ್ತವೆ. ಲೀಟರಿಗೆ 4 ಗ್ರಾಂ ಸಕ್ಕರೆ ಹುದುಗಿದರೆ ಮುಚ್ಚಿದ ಬಾಟಲಿಯಲ್ಲಿ ಸುಮಾರು ಒಂದು ವಾತಾವರಣದಷ್ಟು ಒತ್ತಡ ಹುಟ್ಟುತ್ತದೆ. 15 ಗ್ರಾಂ ಎಂದರೆ ಹೆಚ್ಚು ಕಡಿಮೆ ನಾಲ್ಕು, ಅಂದರೆ ಕಾರಿನ ಟೈರಿನ ಎರಡರಷ್ಟು. ಷಾಂಪೇನ್ ಬಾಟಲಿಯನ್ನು ಆರು ವಾತಾವರಣ ತಡೆಯುವಂತೆ ದಪ್ಪ ಗಾಜಿನಲ್ಲಿ ಮಾಡಿರುತ್ತಾರೆ, ಸಾಮಾನ್ಯ ವೈನ್ ಬಾಟಲಿಗೆ ಆ ದಪ್ಪ ಇಲ್ಲ. ಬಿರಡೆ ಹಾರಿದರೆ ಅದೃಷ್ಟ, ಗಾಜು ಒಡೆದರೆ ಕಣ್ಣಿಗೇ ಅಪಾಯ. ಸಕ್ಕರೆ ಹಾಕುವವರು ಇದನ್ನು ತಡೆಯಲು ಪೊಟ್ಯಾಷಿಯಂ ಸಾರ್ಬೇಟ್, ಸಲ್ಫೈಟ್ ಎಂಬ ಎರಡು ಸಂರಕ್ಷಕಗಳನ್ನು ಒಟ್ಟಿಗೆ ಹಾಕುತ್ತಾರೆ. ಸಾರ್ಬೇಟ್ ಯೀಸ್ಟನ್ನು ಕೊಲ್ಲುವುದಿಲ್ಲ, ಅದರ ಸಂಖ್ಯೆ ಬೆಳೆಯದಂತೆ ತಡೆಯುತ್ತದೆ, ಅಷ್ಟೇ. ಸಲ್ಫೈಟ್ ಕಡಿಮೆಯಾದ ವೈನ್‌ನಲ್ಲಿ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಆ ಸಾರ್ಬೇಟನ್ನೇ ಮುರಿದು ಜೆರೇನಿಯಂ ಎಲೆ ಕಿವುಚಿದಂಥ ವಾಸನೆ ಎಬ್ಬಿಸುತ್ತದೆ. ಅದು ಒಮ್ಮೆ ಬಂದರೆ ಹೋಗುವುದಿಲ್ಲ. ಯೀಸ್ಟಿಗೆ ತಿನ್ನಲಾಗದ ಸಿಹಿಯನ್ನೇ ಹಾಕಿದರೆ ಸಾರ್ಬೇಟಿನ ಅಗತ್ಯವೇ ಬೀಳುವುದಿಲ್ಲ.

ಆದರೆ ಇದೆಲ್ಲ ನಿಜವಾಗಬೇಕಾದರೆ ವೈನ್ ಪೂರ್ತಿ ಹುದುಗಿ ಮುಗಿದಿರಬೇಕು. 1.008ಕ್ಕೋ 1.010ಕ್ಕೋ ನಿಂತುಹೋದ ವೈನ್‌ನಲ್ಲಿ ಹಣ್ಣಿನ ಸಕ್ಕರೆ ಇನ್ನೂ ಇದೆ. ಮೇಲಿಂದ ಎಂಥ ಬದಲಿ ಹಾಕಿದರೂ, ಸೆಕೆ ಏರಿದ ದಿನ ಮಲಗಿದ್ದ ಯೀಸ್ಟ್ ಎದ್ದು ಆ ಸಕ್ಕರೆಯನ್ನು ಹಿಡಿಯುತ್ತದೆ. ಆದ್ದರಿಂದ ಹೈಡ್ರೋಮೀಟರ್ ಓದನ್ನು ವಾರಕ್ಕೊಂದರಂತೆ ಮೂರು ಸಲ ಬರೆದುಕೊಂಡೆವು: 0.993, 0.993, 0.993. ಅಷ್ಟಕ್ಕೇ ಬಿಡದೆ ಇನ್ನೊಂದು ಪರೀಕ್ಷೆ ಮಾಡಿದೆವು. 200 ಮಿಲಿ ವೈನ್ ಸಣ್ಣ ಬಾಟಲಿಗೆ ಹಾಕಿ, ಉಗುರುಬೆಚ್ಚಗಿನ ನೀರಲ್ಲಿ ಎಬ್ಬಿಸಿದ ಯೀಸ್ಟ್ ಒಂದು ಚಿಟಿಕೆ ಸೇರಿಸಿ, ಬಾಯಿಗೆ ಹತ್ತಿ ತುರುಕಿ, ಬೆಚ್ಚಗಿನ ಜಾಗದಲ್ಲಿ ನಾಲ್ಕು ದಿನ ಇಟ್ಟೆವು. ಓದು ಇಳಿದರೆ ಒಳಗೆ ಸಕ್ಕರೆ ಉಳಿದಿದೆ ಎಂದರ್ಥ. ಇಳಿಯಲಿಲ್ಲ. ಈ ಪರೀಕ್ಷೆಗೆ ಖರ್ಚಾಗುವುದು ಒಂದು ಲೋಟ ವೈನ್ ಮಾತ್ರ, ಆದರೆ ಬಾಟಲಿ ಒಡೆಯುವ ಭಯ ಪೂರ್ತಿ ಹೋಗುತ್ತದೆ. ಯಾರೇ ಆಗಲಿ ಇದನ್ನು ಬಿಡಬಾರದು.

ಕರಗಿದ ಅನಿಲವನ್ನೂ ಹೊರಹಾಕಬೇಕು. ಇಂಗಾಲದ ಡೈಆಕ್ಸೈಡ್ ಉಳಿದಿದ್ದರೆ ನಾಲಗೆಗೆ ಹುಳಿ ಹೆಚ್ಚಾಗಿ ಕಾಣುತ್ತದೆ. ಆ ಹುಳಿಗೆ ತಕ್ಕಂತೆ ಸಿಹಿ ಹಾಕಿದರೆ, ತಿಂಗಳಾದ ಮೇಲೆ ಅನಿಲ ಹೋಗಿ ವೈನ್ ಅತಿಸಿಹಿ ಅನ್ನಿಸುತ್ತದೆ. ಮಾದರಿಯನ್ನು ಬಾಟಲಿಯಲ್ಲಿ ಅರ್ಧ ತುಂಬಿ, ಹೆಬ್ಬೆರಳಲ್ಲಿ ಬಾಯಿ ಮುಚ್ಚಿ ಕುಲುಕಿ ತೆರೆದಾಗ ‘ಪುಸ್’ ಎಂದರೆ ಇನ್ನೂ ಅನಿಲ ಇದೆ. ಕಲಕಿ, ಒಂದು ದಿನ ಬಿಟ್ಟು ಮತ್ತೆ ನೋಡಬೇಕು.

ಯಾವುದನ್ನು ಹಾಕುವುದು

ಈಗ ಸಿಹಿಯ ಆಯ್ಕೆ. ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಇಲ್ಲೇ, ಅದೂ ಪೊಟ್ಟಣದ ಹಿಂಭಾಗ ಓದದೆ.

ಸುಕ್ರಲೋಸ್ ಸಕ್ಕರೆಯ ಸುಮಾರು 600 ಪಟ್ಟು ಸಿಹಿ. ಸಕ್ಕರೆಯ ಅಣುವಿನಲ್ಲಿರುವ ಮೂರು ಹೈಡ್ರಾಕ್ಸಿಲ್ ಗುಂಪುಗಳ ಜಾಗಕ್ಕೆ ಕ್ಲೋರಿನ್ ಕೂರಿಸಿ ಮಾಡಿದ್ದು, ಹಾಗಾಗಿ ಯೀಸ್ಟಿನ ಕಿಣ್ವಕ್ಕೆ ಅದನ್ನು ಒಡೆಯಲು ಬರುವುದಿಲ್ಲ. ವೈನ್‌ನ ಹುಳಿಯಲ್ಲಿ ತಿಂಗಳುಗಟ್ಟಲೆ ಹಾಗೇ ನಿಲ್ಲುತ್ತದೆ. ಆದರೆ ಅಂಗಡಿಯಲ್ಲಿ ಸಿಗುವ ಒಂದು ಗ್ರಾಂನ ಸ್ಯಾಷೆಯಲ್ಲಿ ಸುಕ್ರಲೋಸ್ ಇರುವುದು ಕೇವಲ 12 ಮಿಲಿಗ್ರಾಂ ಆಸುಪಾಸು, ಉಳಿದದ್ದು ಡೆಕ್ಸ್ಟ್ರೋಸ್ ಮತ್ತು ಪಿಷ್ಟದಿಂದ ಮಾಡಿದ ಮಾಲ್ಟೊಡೆಕ್ಸ್ಟ್ರಿನ್ ಪುಡಿ. ಡೆಕ್ಸ್ಟ್ರೋಸ್ ಎಂದರೆ ಗ್ಲೂಕೋಸ್, ಯೀಸ್ಟಿಗೆ ಅದಕ್ಕಿಂತ ಸುಲಭದ ಊಟ ಇಲ್ಲ. ಒಂದು ಸ್ಯಾಷೆ ಒಟ್ಟಾರೆ ಸುಮಾರು 8 ಗ್ರಾಂ ಸಕ್ಕರೆಯ ಸಿಹಿ ಕೊಡುತ್ತದೆ. ಹತ್ತು ಲೀಟರಿಗೆ 150 ಗ್ರಾಂ ಸಕ್ಕರೆಯಷ್ಟು ಸಿಹಿ ಬೇಕೆಂದರೆ ಸುಮಾರು 19 ಸ್ಯಾಷೆ ಸುರಿಯಬೇಕು. ಅದರ ಜೊತೆ ಹದಿನೆಂಟು ಗ್ರಾಂನಷ್ಟು ಡೆಕ್ಸ್ಟ್ರೋಸ್-ಮಾಲ್ಟೊಡೆಕ್ಸ್ಟ್ರಿನ್ ವೈನ್ ಸೇರುತ್ತದೆ. ಬಾಟಲಿ ಒಡೆಯುವಷ್ಟು ಅಲ್ಲ, ಆದರೆ ಗುಳ್ಳೆ ಬರುವಷ್ಟು, ಬಿರಡೆ ಸಡಿಲಾಗುವಷ್ಟು, ತಳದಲ್ಲಿ ಹೊಸ ಗಸಿ ಕೂರುವಷ್ಟು ಹೌದು. ‘ಬದಲಿ ಸಕ್ಕರೆ ಹಾಕಿದರೂ ನನ್ನ ವೈನ್ ಮತ್ತೆ ಹುದುಗಿತು’ ಎಂದು ಹೇಳುವವರ ಬಹಳಷ್ಟು ಪ್ರಕರಣಗಳ ಹಿಂದೆ ಇರುವುದು ಈ ಪುಡಿಯೇ. ಮಾಲ್ಟೊಡೆಕ್ಸ್ಟ್ರಿನ್ ಕೆಲವೊಮ್ಮೆ ತೆಳು ಮಬ್ಬನ್ನೂ ಬಿಡುತ್ತದೆ. ಬೇಕಾದದ್ದು ಶುದ್ಧ ಸುಕ್ರಲೋಸ್ ಪುಡಿ, ಅಥವಾ ನೀರು ಮತ್ತು ಸುಕ್ರಲೋಸ್ ಮಾತ್ರ ಮುಖ್ಯವಾಗಿರುವ ದ್ರವ.

ಮಾತ್ರೆಗಳನ್ನಂತೂ ಮುಟ್ಟಬೇಡಿ. ಬಿಸಿ ಚಹಾದಲ್ಲಿ ತಟಕ್ಕನೆ ಕರಗಲೆಂದು ಅವುಗಳಲ್ಲಿ ಸೇರಿಸಿದ ನಾರು, ಸೋಡಾ, ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಎಲ್ಲ ವೈನ್ ಸೇರುತ್ತವೆ. ಸೋಡಾ ಹುಳಿಯನ್ನು ಕೊಲ್ಲುತ್ತದೆ, ಕರಗದ ನಾರು ತೇಲುತ್ತದೆ.

ಎರಿಥ್ರಿಟಾಲ್ ಸಕ್ಕರೆಯಂತೆಯೇ ಹರಳು, ಸಿಹಿ ಮಾತ್ರ 60–70 ಶೇಕಡ. ವೈನ್ ಯೀಸ್ಟ್ ಇದನ್ನು ಹುದುಗಿಸುವುದಿಲ್ಲ. ಲೀಟರಿಗೆ ಗ್ರಾಂಗಟ್ಟಲೆ ಹಾಕುವುದರಿಂದ ಬಾಯಿಗೆ ಒಂದಿಷ್ಟು ತುಂಬುತನವೂ ಬರುತ್ತದೆ, ಸುಕ್ರಲೋಸ್ ಕೊಡದ ಗುಣ ಇದು. ದೋಷ ಎಂದರೆ ಹೆಚ್ಚಾದರೆ ಪುದೀನದಂಥ ತಣ್ಪು. ಕ್ಸೈಲಿಟಾಲ್ ಸಕ್ಕರೆಯಷ್ಟೇ ಸಿಹಿ, ಅದನ್ನೂ ಈ ಯೀಸ್ಟ್ ಮುಟ್ಟುವುದಿಲ್ಲ. ಆದರೆ ನಾಯಿಗಳಿಗೆ ಅದು ಸ್ವಲ್ಪ ಪ್ರಮಾಣದಲ್ಲೂ ವಿಷ. ನಾಯಿ ಇರುವ ಮನೆಯಲ್ಲಿ ಅದರ ಡಬ್ಬಿಯನ್ನೂ, ಅದು ಬೆರೆತ ವೈನನ್ನೂ ತೆರೆದಿಡಬಾರದು. ಸಾರ್ಬಿಟಾಲ್, ಕ್ಸೈಲಿಟಾಲ್ ಎರಡೂ ಹೆಚ್ಚಾದರೆ ಹೊಟ್ಟೆ ಕೆಡಿಸುತ್ತವೆ. ಎರಿಥ್ರಿಟಾಲ್ ಬಹುಪಾಲು ಸಣ್ಣ ಕರುಳಿನಲ್ಲೇ ಹೀರಿಕೊಂಡು ಮೂತ್ರದಲ್ಲಿ ಹೊರಹೋಗುವುದರಿಂದ ಆ ತೊಂದರೆ ಕಡಿಮೆ.

ಸ್ಟೀವಿಯಾ ಎಂದು ಮಾರುವುದರಲ್ಲೂ ನಾನಾ ಬಗೆ. ಎಲೆಯನ್ನೇ ನೆನೆಹಾಕಿದರೆ ಹಸಿ ಹುಲ್ಲಿನ ವಾಸನೆ ವೈನ್‌ಗೆ ಹತ್ತುತ್ತದೆ. ಆ ಎಲೆಯ ಸಿಹಿ ಅಂಶವನ್ನೇ ಬೇರ್ಪಡಿಸಿ ಶುದ್ಧೀಕರಿಸಿದ ರೆಬಾಡಿಯೊಸೈಡ್-ಎ ಸಕ್ಕರೆಯ 200ರಿಂದ 300 ಪಟ್ಟು ಸಿಹಿ. ಕೊನೆಯಲ್ಲಿ ಅತಿಮಧುರ ಜಗಿದಂಥ ಒಂದು ಕಹಿ ಉಳಿಯುತ್ತದೆ. ಪೊಟ್ಟಣದಲ್ಲಿ ಇದಕ್ಕೂ ಡೆಕ್ಸ್ಟ್ರೋಸ್ ಬೆರೆಸಿರುತ್ತಾರೆ, ಓದಿ ನೋಡಬೇಕು. ಸ್ಯಾಕರಿನ್ 1879ರಲ್ಲೇ ಕಂಡುಹಿಡಿದ ಹಳೆಯ ವಸ್ತು, ಹುಳಿಯಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಆದರೆ ಅದರ ಲೋಹದಂಥ ಕಹಿ ತಿಳಿ ವೈನ್‌ನಲ್ಲಿ ಅಡಗುವುದಿಲ್ಲ.

ಆಸ್ಪರ್ಟೇಮ್ ಬಗ್ಗೆ ಒಂದು ಮಾತು. ರುಚಿಯಲ್ಲಿ ಇದು ಸಕ್ಕರೆಗೆ ಬಹಳ ಹತ್ತಿರ, ಅದಕ್ಕೇ ಜನ ಆಸೆಪಡುತ್ತಾರೆ. ಆದರೆ ಇದು ಅತ್ಯಂತ ಸ್ಥಿರವಾಗಿರುವುದು ಪಿಎಚ್ 4.3ರ ಸುತ್ತ. 3.3ರ ವೈನ್‌ನಲ್ಲಿ ನಿಧಾನವಾಗಿ ಮುರಿಯುತ್ತ ಹೋಗುತ್ತದೆ, ಬೆಚ್ಚಗಿನ ಕೋಣೆಯಲ್ಲಿ ಇನ್ನೂ ಬೇಗ. ಬಾಟಲಿ ತುಂಬುವ ದಿನ ಸರಿಯಾಗಿದ್ದ ಸಿಹಿ ಕೆಲವು ತಿಂಗಳಲ್ಲಿ ಕರಗಿ, ವೈನ್ ಮತ್ತೆ ಹುಳಿಯಾಗಿ ಬಾಯಿಗೆ ಬರುತ್ತದೆ. ಕುಡಿಯುವ ಹೊತ್ತಿಗೆ ಲೋಟಕ್ಕೆ ಹಾಕಿಕೊಳ್ಳುವುದಾದರೆ ಸರಿ, ಬಾಟಲಿಗೆ ಬೇಡ. ಫೀನೈಲ್‌ಕೀಟೋನ್ಯೂರಿಯಾ ಎಂಬ ಹುಟ್ಟಿನಿಂದ ಬರುವ ಕಾಯಿಲೆ ಇರುವವರಿಗೆ ಇದು ವರ್ಜ್ಯ.

ಲ್ಯಾಕ್ಟೋಸನ್ನು ವೈನ್ ಯೀಸ್ಟ್ ತಿನ್ನುವುದಿಲ್ಲ ಎಂಬುದು ನಿಜವೇ. ಆದರೆ ಸಿಹಿ ಸಕ್ಕರೆಯ ಐದನೇ ಒಂದು ಭಾಗದಷ್ಟೂ ಇಲ್ಲ, ಬ್ಯಾಕ್ಟೀರಿಯಾಕ್ಕೆ ಅದು ಆಹಾರ, ಹಾಲು ಆಗದವರಿಗೆ ತೊಂದರೆ. ದ್ರಾಕ್ಷಿ ವೈನ್‌ಗೆ ಅದನ್ನು ನಾವು ಹಾಕುವುದಿಲ್ಲ.

ಹೀಗೆ ಸೋಸಿ ಉಳಿದದ್ದು ಮೂರು: ಸುಕ್ರಲೋಸ್, ಎರಿಥ್ರಿಟಾಲ್, ರೆಬಾಡಿಯೊಸೈಡ್-ಎ. ಅಂತಿಮ ಮಾತು ನಾಲಗೆಯದ್ದು, ಅದಕ್ಕೆ ಪರೀಕ್ಷೆಯ ಲೋಟಗಳು ಬೇಕು.

ಮೇಜಿನ ಮೇಲೆ

ಶುದ್ಧ ಸುಕ್ರಲೋಸನ್ನು ನೇರವಾಗಿ ಜಾಡಿಗೆ ತೂಗಿ ಹಾಕುವುದು ಅಸಾಧ್ಯದ ಮಾತು. ಹತ್ತು ಲೀಟರಿಗೆ ಬೇಕಾದದ್ದು ಕಾಲು ಗ್ರಾಂ. ಅಡುಗೆ ಮನೆಯ ತಕ್ಕಡಿ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಚಾಕುವಿನ ತುದಿಯ ಅಳತೆ ನಂಬಿ ಹಾಕಿದರೆ ಎರಡರಷ್ಟಾಗುವುದು ಸುಲಭ, ಹಾಕಿದ್ದನ್ನು ತೆಗೆಯಲು ದಾರಿ ಇಲ್ಲ. ಆದ್ದರಿಂದ ದ್ರಾವಣ ಮಾಡಿಕೊಳ್ಳಬೇಕು. 0.01 ಗ್ರಾಂ ತೋರಿಸುವ ಸಣ್ಣ ತಕ್ಕಡಿಯಲ್ಲಿ 1 ಗ್ರಾಂ ಸುಕ್ರಲೋಸ್ ತೂಗಿ, ಕುದಿಸಿ ಆರಿಸಿದ ನೀರಲ್ಲಿ ಕರಗಿಸಿ, ಒಟ್ಟು 100 ಮಿಲಿ ಮಾಡಿದೆವು. ಇದು ದೊಡ್ಡ ದ್ರಾವಣ, ಮಿಲಿಗೆ 10 ಮಿಲಿಗ್ರಾಂ. ಇದರಿಂದ 10 ಮಿಲಿ ತೆಗೆದು ಮತ್ತೆ ನೀರು ಸೇರಿಸಿ 100 ಮಿಲಿ ಮಾಡಿದ್ದು ಸಣ್ಣ ದ್ರಾವಣ, ಮಿಲಿಗೆ 1 ಮಿಲಿಗ್ರಾಂ. ರುಚಿ ಪರೀಕ್ಷೆಗೆ ಸಣ್ಣದು, ಜಾಡಿಗೆ ದೊಡ್ಡದು. ಎರಡೂ ನೋಡಲು ನೀರೇ, ಆದ್ದರಿಂದ ಕರಗಿಸುವ ಮೊದಲೇ ಸೀಸೆಗಳಿಗೆ ಚೀಟಿ ಅಂಟಿಸಬೇಕು. ಅದಲುಬದಲಾದರೆ ಹತ್ತು ಪಟ್ಟಿನ ತಪ್ಪು.

ಐದು ಲೋಟಗಳಲ್ಲಿ ತಲಾ 50 ಮಿಲಿ ವೈನ್ ಅಳೆದು ಹಾಕಿದೆವು. ಸೂಜಿಯಿಲ್ಲದ ಸಿರಿಂಜಿನಿಂದ ಸಣ್ಣ ದ್ರಾವಣ ಕ್ರಮವಾಗಿ 0, 0.5, 1, 1.5, 2 ಮಿಲಿ. ಅಂದರೆ ಲೀಟರಿಗೆ 0, 6, 12, 18, 24 ಗ್ರಾಂ ಸಕ್ಕರೆಗೆ ಸಮ. ಎಲ್ಲದಕ್ಕೂ ಒಂದೇ ಪ್ರಮಾಣದ ನೀರು ಬೀಳಬೇಕು, ಇಲ್ಲದಿದ್ದರೆ ಸಿಹಿಯ ಜೊತೆ ನೀರಿನ ವ್ಯತ್ಯಾಸವನ್ನೂ ನಾಲಗೆ ಹಿಡಿಯುತ್ತದೆ. ಅದಕ್ಕೆ ಕಡಿಮೆ ಬಿದ್ದ ಲೋಟಗಳಿಗೆ ಬರೀ ನೀರು ಸೇರಿಸಿ ಎಲ್ಲವನ್ನೂ 2 ಮಿಲಿಗೆ ಸರಿದೂಗಿಸಿದೆವು. ವೈನನ್ನು ಯಾವ ತಂಪಿನಲ್ಲಿ ಕುಡಿಯುತ್ತೀರೋ ಅದೇ ತಂಪಿನಲ್ಲಿ ರುಚಿ ನೋಡಬೇಕು. ತಣ್ಣಗಿದ್ದಾಗ ಸಿಹಿ ಅಡಗುತ್ತದೆ, ಬೆಚ್ಚಗಾದಂತೆ ಮೇಲೇಳುತ್ತದೆ.

ಮೊದಲ ಸುತ್ತಿನಲ್ಲಿ ತಿಳಿದದ್ದು: 6ರ ಲೋಟದಲ್ಲಿ ಸಿಹಿ ಎಂದು ಗೊತ್ತಾಗುವುದಿಲ್ಲ, ಆದರೆ ಹುಳಿಯ ಮೊನೆ ಮುರಿದಿದೆ. 12ರಲ್ಲಿ ಹಣ್ಣು ಕಾಣಿಸಿಕೊಂಡಿತು. 18ರಲ್ಲಿ ಮೊದಲ ಗುಟುಕು ಎಲ್ಲರಿಗೂ ಇಷ್ಟ, ಮೂರನೆಯ ಗುಟುಕಿಗೆ ಸಾಕೆನ್ನಿಸಿತು. 24 ಶರಬತ್ತು. ಗುರಿಯನ್ನು 15ಕ್ಕೆ ಇಟ್ಟುಕೊಂಡೆವು. ಒಂದು ಗುಟುಕಿನಲ್ಲಿ ಗೆಲ್ಲುವುದು ಯಾವಾಗಲೂ ಹೆಚ್ಚು ಸಿಹಿಯ ಲೋಟವೇ, ಆದ್ದರಿಂದ ಅರ್ಧ ಲೋಟ ಕುಡಿದು, ಊಟದ ಜೊತೆ ಕುಡಿದು ನಿರ್ಧರಿಸುವುದು ಒಳ್ಳೆಯದು.

ಎರಡನೆಯ ಸುತ್ತು ಮುಖ್ಯವಾದದ್ದು. ಲೀಟರಿಗೆ 15 ಗ್ರಾಂ ಸಕ್ಕರೆಯ ಸಿಹಿಯನ್ನು ಐದು ಬಗೆಯಲ್ಲಿ ಕೊಟ್ಟೆವು. ಒಂದರಲ್ಲಿ ನಿಜವಾದ ಸಕ್ಕರೆ, 50 ಮಿಲಿಗೆ 0.75 ಗ್ರಾಂ. ಇದು ಅಳತೆಗೋಲು, ಇದಿಲ್ಲದೆ ಉಳಿದವನ್ನು ಹೋಲಿಸಲು ಆಗುವುದಿಲ್ಲ. ಇನ್ನೊಂದರಲ್ಲಿ ಸುಕ್ರಲೋಸ್ ಲೀಟರಿಗೆ 25 ಮಿಲಿಗ್ರಾಂನಂತೆ. ಮತ್ತೊಂದರಲ್ಲಿ ಎರಿಥ್ರಿಟಾಲ್ ಮಾತ್ರ, ಲೀಟರಿಗೆ 23 ಗ್ರಾಂ. ನಾಲ್ಕನೆಯದರಲ್ಲಿ ರೆಬಾಡಿಯೊಸೈಡ್-ಎ, 60 ಮಿಲಿಗ್ರಾಂ. ಕೊನೆಯದರಲ್ಲಿ ಮಿಶ್ರಣ: ಎರಿಥ್ರಿಟಾಲ್ 10 ಗ್ರಾಂ, ಸುಕ್ರಲೋಸ್ 15 ಮಿಲಿಗ್ರಾಂ. ಲೋಟದ ತಳಕ್ಕೆ ಗುರುತು ಬರೆದು, ಬೇರೆಯವರಿಂದ ಜಾಗ ಬದಲಿಸಿದ ಮೇಲೆ ರುಚಿ ನೋಡಬೇಕು. ಯಾವುದು ಯಾವುದೆಂದು ತಿಳಿದಿದ್ದರೆ ನಾಲಗೆ ತಿಳಿದಿದ್ದನ್ನೇ ಹೇಳುತ್ತದೆ.

ಸಕ್ಕರೆಯ ಲೋಟದಲ್ಲಿ ಸಿಹಿ ಗುಟುಕಿನ ಜೊತೆಗೇ ಬಂದು, ನುಂಗುವಾಗ ಹುಳಿಗೆ ದಾರಿ ಬಿಟ್ಟು ಹೋಗುತ್ತದೆ. ಕೊನೆಗೆ ಬಾಯಲ್ಲಿ ಉಳಿಯುವುದು ವೈನ್. ಸುಕ್ರಲೋಸಿನದ್ದು ಉಲ್ಟಾ. ಮೊದಲು ಹುಳಿ ತಟ್ಟುತ್ತದೆ, ಒಂದು ಕ್ಷಣ ತಡವಾಗಿ ಸಿಹಿ ಏರುತ್ತದೆ, ನುಂಗಿ ಹತ್ತು ಎಣಿಸಿದರೂ ನಾಲಗೆಯ ಅಂಚಿನಲ್ಲಿ ಸಿಹಿ ಕೂತೇ ಇರುತ್ತದೆ. ನಡುವೆ ವೈನ್ ತೆಳು, ನೀರು ಬೆರೆಸಿದ ಹಾಗೆ. ಎರಿಥ್ರಿಟಾಲ್ ಮಾತ್ರ ಇದ್ದ ಲೋಟ ದುಂಡಗಿತ್ತು, ಆದರೆ ಉಸಿರೆಳೆದುಕೊಂಡರೆ ಬಾಯಿ ತಣ್ಣಗೆ. ರೆಬಾಡಿಯೊಸೈಡ್ ಲೋಟದಲ್ಲಿ ಆ ಅತಿಮಧುರದ ಕಹಿ ನುಂಗಿದ ಮೇಲೆ ಗಂಟಲ ಬಾಗಿಲಿಗೆ ಬಂತು. ಮಿಶ್ರಣದ ಲೋಟದಲ್ಲಿ ಎರಿಥ್ರಿಟಾಲ್ ಮೊದಲೇ ಬಂದು ಸುಕ್ರಲೋಸಿನ ತಡವನ್ನು ಮುಚ್ಚಿತು. ತಣ್ಪು ಗೊತ್ತಾಗುವ ಮಟ್ಟಕ್ಕೆ ಹೋಗಲಿಲ್ಲ, ಕೊನೆಯ ಅಂಟುಸಿಹಿಯೂ ಅರ್ಧಕ್ಕೆ ಇಳಿಯಿತು. ಸಕ್ಕರೆಯ ಲೋಟಕ್ಕೆ ಅತಿ ಹತ್ತಿರ ನಿಂತದ್ದು ಇದೇ.

ಅದನ್ನು ಖಚಿತಪಡಿಸಿಕೊಳ್ಳಲು ಮೂರು ಲೋಟದ ಪರೀಕ್ಷೆ ಮಾಡಿದೆವು: ಎರಡರಲ್ಲಿ ಸಕ್ಕರೆ, ಒಂದರಲ್ಲಿ ಮಿಶ್ರಣ, ಬೇರೆಯದು ಯಾವುದು ಎಂದು ಹೇಳಬೇಕು. ಸುಕ್ರಲೋಸ್ ಒಂದೇ ಇದ್ದಾಗ ಥಟ್ಟನೆ ಸಿಕ್ಕಿಬಿದ್ದಿತ್ತು, ಮಿಶ್ರಣಕ್ಕೆ ಎರಡೆರಡು ಸಲ ಗುಟುಕರಿಸಿ ಊಹೆ ಮಾಡಬೇಕಾಯಿತು.

ತೆಳುತನ ಇನ್ನೂ ಕಾಡಿದರೆ ಆಹಾರ ದರ್ಜೆಯ ಗ್ಲಿಸರಿನ್ ಲೀಟರಿಗೆ 3–5 ಮಿಲಿ ಹಾಕಬಹುದು. ವೈನ್‌ನಲ್ಲಿ ಗ್ಲಿಸರಾಲ್ ಹೇಗೂ ಲೀಟರಿಗೆ ಐದರಿಂದ ಹತ್ತು ಗ್ರಾಂ ಇರುತ್ತದೆ, ಯೀಸ್ಟೇ ಮಾಡಿಟ್ಟದ್ದು. ಅದಕ್ಕೂ ಸಕ್ಕರೆಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಸಿಹಿ ಇರುವುದರಿಂದ ಲೆಕ್ಕದಲ್ಲಿ ಹಿಡಿಯಬೇಕು. ‘ಗ್ಲೈಕಾಲ್’ ಎಂದು ಕೊನೆಗೊಳ್ಳುವ ಯಾವುದನ್ನೂ ಇದರ ಬದಲಿಗೆ ತರಬಾರದು. 1985ರಲ್ಲಿ ಆಸ್ಟ್ರಿಯದ ಕೆಲವು ಉತ್ಪಾದಕರು ವೈನ್ ಸಿಹಿಯಾಗಿ, ತುಂಬಿದಂತೆ ಕಾಣಲೆಂದು ಡೈಎಥಿಲೀನ್ ಗ್ಲೈಕಾಲ್ ಬೆರೆಸಿ ಸಿಕ್ಕಿಬಿದ್ದರು. ಅದು ಮೂತ್ರಪಿಂಡ ಕೆಡಿಸುವ ವಿಷ. ಅದಕ್ಕೂ ಬಹಳ ಹಿಂದೆ ರೋಮನ್ನರು ದ್ರಾಕ್ಷಿ ರಸವನ್ನು ಸೀಸದ ಪಾತ್ರೆಯಲ್ಲಿ ಬತ್ತಿಸಿ ವೈನ್‌ಗೆ ಸೇರಿಸುತ್ತಿದ್ದರು. ಸೀಸದ ಅಸಿಟೇಟಿಗೂ ಸಿಹಿ ಇದೆ. ವೈನ್‌ಗೆ ಸಿಹಿ ಸೇರಿಸುವ ಚರಿತ್ರೆಯಲ್ಲಿ ಇಂಥ ಸಾವುನೋವು ಇರುವುದರಿಂದಲೇ ಸೀಸೆಯ ಮೇಲಿನ ಹೆಸರನ್ನು ಅಕ್ಷರ ಅಕ್ಷರ ಓದಿ ಎಂದು ಒತ್ತಿ ಹೇಳುತ್ತಿದ್ದೇವೆ.

ಕೆಂಪು ವೈನ್ ಮಾಡಿದವರು ಇನ್ನೂ ಹುಷಾರಾಗಿರಬೇಕು. ಸಿಪ್ಪೆಯ ಒಗರಿಗೂ ಬದಲಿಯ ಕೊನೆಯ ಕಹಿಗೂ ಕೂಡಿಬರುವುದಿಲ್ಲ, ಒಂದು ಇನ್ನೊಂದನ್ನು ಎತ್ತಿ ತೋರಿಸುತ್ತದೆ. ಅಲ್ಲಿ 6–8 ಗ್ರಾಂ ಸಮಕ್ಕಿಂತ ಮೇಲೆ ಹೋಗದಿರುವುದು ಲೇಸು. ಸೇಬು, ಅನಾನಸ್ ಮುಂತಾದ ಹಣ್ಣಿನ ವೈನ್‌ಗಳು ಹೆಚ್ಚು ತಡೆದುಕೊಳ್ಳುತ್ತವೆ, ಅವುಗಳ ಹುಳಿ ಮತ್ತು ವಾಸನೆ ಬದಲಿಯ ದೋಷವನ್ನು ಮುಚ್ಚುತ್ತವೆ.

ಲೋಟಗಳನ್ನು ತೊಳೆಯುವ ಮೊದಲು ಗೆದ್ದ ಮಿಶ್ರಣದ 100 ಮಿಲಿಯನ್ನು ಮುಚ್ಚಿ ತಂಪಲ್ಲಿಟ್ಟು ಮರುದಿನ ಮತ್ತೆ ನೋಡಿದೆವು. ಮಬ್ಬು ಇಲ್ಲ, ರುಚಿ ಬದಲಾಗಿಲ್ಲ.

ಜಾಡಿಗೆ

ಹತ್ತು ಲೀಟರಿಗೂ ಸಿಹಿ ಹಾಕಲಿಲ್ಲ. ಪರೀಕ್ಷೆಗಳಿಗೆ ಸುಮಾರು ಒಂದು ಲೀಟರ್ ಹೋಗಿತ್ತು. ಉಳಿದದ್ದರಲ್ಲಿ ಒಂದು ಲೀಟರನ್ನು ಸಿಹಿ ಇಲ್ಲದೆ ಬೇರೆ ಬಾಟಲಿಗೆ ತುಂಬಿಟ್ಟೆವು. ಸಿಹಿ ಹೆಚ್ಚಾಯಿತೆಂದರೆ ಇಳಿಸಲು ಇರುವ ಒಂದೇ ಮದ್ದು ಅದೇ ವೈನ್‌ನ ಸಿಹಿಯಿಲ್ಲದ ಪಾಲು. ಹುಳಿ ಸೇರಿಸಿ ಸರಿಮಾಡುವುದೂ ಉಂಟು, ಆದರೆ ಹಾಗೆ ಒಂದರ ಬೆನ್ನಿಗೆ ಇನ್ನೊಂದು ಸೇರಿಸುತ್ತ ಹೋದರೆ ವೈನ್ ಪಾನಕವಾಗುತ್ತದೆ.

ಎಂಟು ಲೀಟರಿಗೆ ಲೆಕ್ಕ: ಎರಿಥ್ರಿಟಾಲ್ 80 ಗ್ರಾಂ, ಸುಕ್ರಲೋಸ್ 120 ಮಿಲಿಗ್ರಾಂ, ಅಂದರೆ ದೊಡ್ಡ ದ್ರಾವಣ 12 ಮಿಲಿ. ಮೊದಲ ದಿನ ಮುಕ್ಕಾಲು ಪಾಲು ಮಾತ್ರ ಹಾಕಿದೆವು, 60 ಗ್ರಾಂ ಮತ್ತು 9 ಮಿಲಿ. ಎರಿಥ್ರಿಟಾಲ್ ನೀರಿನಲ್ಲಿ ಸಕ್ಕರೆಯಷ್ಟು ಸುಲಭವಾಗಿ ಕರಗುವುದಿಲ್ಲ, 25 ಡಿಗ್ರಿಯಲ್ಲಿ 100 ಗ್ರಾಂ ನೀರಿಗೆ ಸುಮಾರು 37 ಗ್ರಾಂ ಅದರ ಮಿತಿ. ಅದಕ್ಕೆ ಜಾಡಿಯಿಂದ ಅರ್ಧ ಲೀಟರ್ ವೈನ್ ತೆಗೆದು ಅದರಲ್ಲೇ ಕಲಕಿ ಕರಗಿಸಿದೆವು. ನೀರಿನಲ್ಲಿ ಕರಗಿಸಿದರೆ ವೈನ್ ತೆಳುವಾಗುತ್ತದೆ, ವೈನನ್ನು ಬಿಸಿ ಮಾಡಿದರೆ ವಾಸನೆ ಹಾರುತ್ತದೆ. ಕರಗಿದ್ದನ್ನು ಖಾಲಿ ಜಾಡಿಯ ತಳಕ್ಕೆ ಮೊದಲು ಹಾಕಿ, ಅದರ ಮೇಲೆ ವೈನನ್ನು ಕೊಳವೆಯಿಂದ ಇಳಿಸಿದೆವು. ಕೊಳವೆಯ ಬಾಯಿ ತಳಕ್ಕೆ ತಾಗಿದ್ದರೆ ನೊರೆ, ಗಾಳಿ ಇಲ್ಲದೆ ತಾನೇ ಸುತ್ತಿ ಬೆರೆಯುತ್ತದೆ. ಕೊನೆಗೆ ಉದ್ದ ಹಿಡಿಯ ಚಮಚದಿಂದ ನಿಧಾನವಾಗಿ ಹತ್ತು ಸುತ್ತು.

ಸಾರ್ಬೇಟ್ ಬೇಡವೆಂದೆವು, ಸಲ್ಫೈಟ್ ಬೇಕೇ ಬೇಕು. ಅದು ಗಾಳಿಯಿಂದ ವೈನ್ ಕಂದುವುದನ್ನೂ ಬ್ಯಾಕ್ಟೀರಿಯಾವನ್ನೂ ತಡೆಯುವುದಕ್ಕೆ. ಪಿಎಚ್ 3.3ರಲ್ಲಿ ಸ್ವತಂತ್ರ, ಅಂದರೆ ವೈನ್‌ನ ಬೇರೆ ಅಂಶಗಳಿಗೆ ಅಂಟದೆ ಉಳಿದ, ಸಲ್ಫರ್ ಡೈಆಕ್ಸೈಡ್ ಲೀಟರಿಗೆ 26 ಮಿಲಿಗ್ರಾಂ ಸಾಕು, 3.6 ಆದರೆ 50ರ ಹತ್ತಿರ ಬೇಕಾಗುತ್ತದೆ. ಸಲ್ಫೈಟ್ ಎಂದು ನಾವು ಹಾಕುವ ಪುಡಿ, ಪೊಟ್ಯಾಷಿಯಂ ಮೆಟಾಬೈಸಲ್ಫೈಟ್‌ನ ತೂಕದಲ್ಲಿ 57 ಶೇಕಡ ಮಾತ್ರ ಸಲ್ಫರ್ ಡೈಆಕ್ಸೈಡ್. ಎಂಟು ಲೀಟರಿಗೆ 0.4 ಗ್ರಾಂ ಹಾಕಿದರೆ ಲೀಟರಿಗೆ 28 ಮಿಲಿಗ್ರಾಂ ಬಂತು. ಒಂದಿಷ್ಟು ವೈನ್‌ನಲ್ಲೇ ಕಟ್ಟಿಕೊಂಡು ಹೋಗುತ್ತದೆ, ಪರೀಕ್ಷಾ ಕಿಟ್ ಇರುವವರು ಅಳೆದು ಉಳಿದದ್ದನ್ನು ತುಂಬಬಹುದು. ಉಬ್ಬಸ ಇರುವ ಕೆಲವರಿಗೆ ಸಲ್ಫೈಟ್ ಆಗುವುದಿಲ್ಲ, ಕೊಡುವ ಮುನ್ನ ಹೇಳಬೇಕು.

ಮೂರು ದಿನ ಬಿಟ್ಟು ರುಚಿ ನೋಡಿ, ಉಳಿದ ಕಾಲು ಪಾಲಿನಲ್ಲಿ ಅರ್ಧವನ್ನಷ್ಟೇ ಸೇರಿಸಿದೆವು. ಅಷ್ಟಕ್ಕೇ ಸಾಕಾಯಿತು. ದೊಡ್ಡ ಪ್ರಮಾಣದಲ್ಲಿ ಸಿಹಿ ಲೋಟದಲ್ಲಿದ್ದದ್ದಕ್ಕಿಂತ ಕೊಂಚ ಹೆಚ್ಚೇ ಅನ್ನಿಸಿತು. ಲೋಟದಲ್ಲಿ ದ್ರಾವಣದ ನೀರು ವೈನನ್ನು ತೆಳುಮಾಡಿದ್ದದ್ದು ಜಾಡಿಯಲ್ಲಿ ಇರಲಿಲ್ಲ.

ಸೇರಿಸಿದ ಮೇಲೆ ಹೈಡ್ರೋಮೀಟರ್ 0.993ರಿಂದ 0.996ಕ್ಕೆ ಏರಿತು. ಇದು ಎರಿಥ್ರಿಟಾಲಿನ ತೂಕ, ಉಳಿದ ಸಕ್ಕರೆ ಅಲ್ಲ. ಈ ಓದನ್ನು ದಿನಾಂಕದ ಜೊತೆ ಬರೆದಿಡದಿದ್ದರೆ ಮುಂದೆ ನೋಡಿದವರು ಹುದುಗು ಮುಗಿದಿಲ್ಲವೆಂದು ಗಾಬರಿಯಾಗುತ್ತಾರೆ. ಸುಕ್ರಲೋಸಿನಿಂದಂತೂ ಓದು ಒಂದಿಷ್ಟೂ ಕದಲುವುದಿಲ್ಲ, ಆದ್ದರಿಂದ ಹೈಡ್ರೋಮೀಟರ್ ನೋಡಿ ಸಿಹಿ ಹಾಕುವ ಹಳೆಯ ಅಭ್ಯಾಸ ಇಲ್ಲಿ ನಡೆಯದು.

ಹತ್ತು ದಿನ ಏರ್‌ಲಾಕ್ (ಅನಿಲ ಹೊರಬಿಟ್ಟು ಗಾಳಿ ಒಳಬಿಡದ ಮುಚ್ಚಳ) ಹಾಕಿಯೇ ಬಿಟ್ಟೆವು. ಈ ದಿನಗಳಲ್ಲಿ ಗುಳ್ಳೆ ಕಂಡರೆ ಮೂರು ಕಾರಣ ಇರಬಹುದು. ಕೋಣೆ ಬೆಚ್ಚಗಾಗಿ ಕರಗಿದ್ದ ಅನಿಲ ಹೊರಬರುತ್ತಿದ್ದರೆ ಓದು ಬದಲಾಗುವುದಿಲ್ಲ, ಒಂದೆರಡು ದಿನದಲ್ಲಿ ನಿಲ್ಲುತ್ತದೆ. ಓದು ಇಳಿಯುತ್ತಿದ್ದರೆ ಬದಲಿಯ ಪುಡಿಯಲ್ಲಿ ಡೆಕ್ಸ್ಟ್ರೋಸ್ ಇತ್ತು ಎಂದೇ ಅರ್ಥ. ಆಗ ಅದನ್ನು ತಿಂದು ಮುಗಿಸಲು ಬಿಡಬೇಕು, ಮುಚ್ಚಬಾರದು. ಓದು ಬಹುತೇಕ ಹಾಗೇ ಇದ್ದು ಹುಳಿ ಮೆತ್ತಗಾಗುತ್ತಿದ್ದರೆ ಅದು ಮ್ಯಾಲಿಕ್ ಆಮ್ಲ ಲ್ಯಾಕ್ಟಿಕ್ ಆಮ್ಲವಾಗುವ ಬ್ಯಾಕ್ಟೀರಿಯಾದ ಕೆಲಸ. ಅದಕ್ಕೂ ಸಿಹಿಗೂ ಸಂಬಂಧವಿಲ್ಲ, ಸಲ್ಫೈಟ್ ಕಡಿಮೆಯಾಗಿದೆ ಎಂಬ ಸೂಚನೆ. ಈ ಜಾಡಿಯಲ್ಲಿ ಯಾವುದೂ ಕಾಣಲಿಲ್ಲ. ಹನ್ನೊಂದನೆಯ ದಿನ ಬಾಟಲಿಗೆ ತುಂಬಿದೆವು.

ಪ್ರಮಾಣದ ಬಗ್ಗೆ ಕೇಳುವವರಿಗಾಗಿ: ಸುಕ್ರಲೋಸಿಗೆ ಆಹಾರ ಸುರಕ್ಷತೆಯ ಅಂತರರಾಷ್ಟ್ರೀಯ ತಜ್ಞ ಸಮಿತಿ ಇಟ್ಟಿರುವ ದಿನದ ಮಿತಿ ದೇಹತೂಕದ ಕೆಜಿಗೆ 15 ಮಿಲಿಗ್ರಾಂ. 60 ಕೆಜಿ ತೂಕದವರಿಗೆ 900 ಮಿಲಿಗ್ರಾಂ. ನಮ್ಮ ವೈನ್‌ನಲ್ಲಿ ಲೀಟರಿಗೆ 15ಕ್ಕಿಂತಲೂ ಕಡಿಮೆ ಇದೆ, ಆ ಮಿತಿ ಮುಟ್ಟುವ ಬಹಳ ಮೊದಲೇ ಆಲ್ಕೋಹಾಲಿನ ಹಾನಿ ಎದುರಾಗುತ್ತದೆ. ಅದರ ಜೊತೆಗೆ, ತೂಕ ಇಳಿಸಲೆಂದು ಸಕ್ಕರೆಯೇತರ ಸಿಹಿಗಳನ್ನು ನೆಚ್ಚಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ ತಿಂಗಳಲ್ಲಿ ಸಲಹೆ ಕೊಟ್ಟಿರುವುದೂ ಗೊತ್ತಿರಲಿ.

ಬಾಟಲಿಯ ಚೀಟಿಯಲ್ಲಿ ಇಷ್ಟು ಬರೆದಿದ್ದೇವೆ: ಹಣ್ಣು, ತುಂಬಿದ ದಿನ, ಸಿಹಿಗೆ ಮೊದಲು 0.993, ನಂತರದ ಓದು 0.996, ಎರಿಥ್ರಿಟಾಲ್ ಲೀಟರಿಗೆ 8.75 ಗ್ರಾಂ, ಸುಕ್ರಲೋಸ್ 13 ಮಿಲಿಗ್ರಾಂ, ಸಲ್ಫೈಟ್ ಇದೆ. ಒಂದು ಬಾಟಲಿಯನ್ನು ಬಿರಡೆಯ ಬದಲು ತಿರುಗಣೆ ಮುಚ್ಚಳ ಹಾಕಿ ಬೆಚ್ಚಗಿನ ಮೂಲೆಯಲ್ಲಿ, ಬಟ್ಟೆ ಸುತ್ತಿದ ಡಬ್ಬಿಯೊಳಗೆ ಇಟ್ಟಿದ್ದೆವು, ಕಾವಲಿಗೆ. ತಿಂಗಳಿಗೊಮ್ಮೆ ಅದರ ಮುಚ್ಚಳವನ್ನು ನಿಧಾನ ಸಡಿಲಿಸಿ ಕಿವಿಗೊಟ್ಟೆವು. ಮೂರು ತಿಂಗಳಾದರೂ ಸದ್ದಿಲ್ಲ. ಸಿಹಿಯಿಲ್ಲದ ಆ ಒಂದು ಲೀಟರಿನ ಪಕ್ಕದಲ್ಲಿಟ್ಟು ಕುಡಿದು ನೋಡಿದಾಗ ಹಣ್ಣು ಮುಂದೆ ಬಂದಿತ್ತು, ಕೊನೆಯ ಅಂಟುಸಿಹಿ ಮೊದಲಿಗಿಂತ ಕಡಿಮೆ ಕಂಡಿತು. ಮುಂದಿನ ಜಾಡಿಗೆ ಸುಕ್ರಲೋಸನ್ನು 10 ಮಿಲಿಗ್ರಾಂಗೆ ಇಳಿಸಿ, ಎರಿಥ್ರಿಟಾಲನ್ನು 12 ಗ್ರಾಂಗೆ ಏರಿಸಿ ನೋಡಲಿದ್ದೇವೆ.